ಮೂರನೇ ಕೌಂಟರಿನ ಆಮೆ

ಮಾನ್ಯ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಈ ಶನಿವಾರಕ್ಕೆ ನಿಮ್ಮ ಅಂಗಡಿಯ ಕೆಲಸ ಬಿಡುತ್ತಿದ್ದೇನೆ. ಶಿಶುವಿಹಾರದ ಟೀಚರುಗಳಿಗೂ ಇನ್ನು ಮೇಲೆ ಸರ್ಕಾರವೇ ಸಂಬಳ ಕೊಡುತ್ತದೆ, ದೊಡ್ಡ ಶಾಲೆಯ ಮೇಷ್ಟ್ರುಗಳಿಗೆ ಕೊಡುವಷ್ಟೇ. ಸಂಬಳ ಸಾಲದೆ ಆ ಕೆಲಸ ಬಿಟ್ಟು ನಿಮ್ಮಲ್ಲಿ ಬಿಲ್ ಹಾಕಲು ಬಂದವಳು ನಾನು. ಸುದ್ದಿ ಕೇಳಿದ್ದೇ ತಡ, ಅಮ್ಮ ನನ್ನ ಶಿಶುವಿಹಾರದ ಹಳೆಯ ಏಪ್ರನ್ ಒಗೆದು ಒಣಹಾಕಿದ್ದಾಳೆ. ಬಣ್ಣದ ಕಲೆ ಮಾತ್ರ ಹೋಗಿಲ್ಲ. ಹೋಗುವುದೂ ಬೇಡ.

ನನ್ನ ಕೌಂಟರಿನ ಕ್ಯೂ ಮಾತ್ರ ಯಾಕೆ ಬಾಗಿಲ ತನಕ ಬೆಳೆಯುತ್ತದೆ ಎಂದು ರೇಗುತ್ತಿದ್ದಿರಿ, ಆಮೆ ಎಂದು ಹೆಸರೂ ಇಟ್ಟಿರಿ. ಕಾರಣ ಈಗ ಹೇಳುತ್ತೇನೆ. ಶಿಶುವಿಹಾರದಲ್ಲಿ ನಾನು ಕಲಿಸಿದ್ದ ಮಕ್ಕಳು "ನಮ್ಮ ಟೀಚರ್ ಹತ್ರಾನೇ" ಎಂದು ಅಮ್ಮಂದಿರನ್ನು ಎಳೆದುಕೊಂಡು ಬರುತ್ತಿದ್ದವು. ಪಕ್ಕದ ಕೌಂಟರ್ ಖಾಲಿ ಇದ್ದರೂ, ಜಪ್ಪಯ್ಯ ಅಂದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಒಂದೊಂದು ಸೋಪನ್ನೂ ತಾವೇ ಎಣಿಸಿ ಎತ್ತಿ ಕೊಡಬೇಕು. ಏಳಾದ ಮೇಲೆ ಒಂಬತ್ತು ಎಂದರೆ ಮತ್ತೆ ಒಂದರಿಂದ ಶುರು. ತಪ್ಪು ಎಣಿಸಿದ ಮಗುವನ್ನು ಹಾಗೇ ಕಳಿಸಲು ನನ್ನ ಕೈಲಾಗಲಿಲ್ಲ.

ಒಂದು ಕೋರಿಕೆ. ನನ್ನ ಕೌಂಟರಿನ ಪಕ್ಕದ ಪುಟ್ಟ ಸ್ಟೂಲನ್ನು ಎಸೆಯಬೇಡಿ. ಮಕ್ಕಳು ಹತ್ತಿ ನಿಲ್ಲಲಿ ಎಂದು ಇಟ್ಟಿದ್ದೆ. ನನ್ನ ಜಾಗಕ್ಕೆ ಬರುವವರಿಗೂ ಹೇಳಿಡಿ.

ಸೋಮವಾರ ನಿಮ್ಮ ಮಗಳು ನನ್ನ ತರಗತಿಗೆ ಸೇರುತ್ತಾಳಂತೆ, ಬಹಳ ಸಂತೋಷ. ಬಾಗಿಲಲ್ಲಿ ಪ್ರತಿ ಮಗುವಿನ ಜೊತೆಯೂ ಸಮಾಧಾನವಾಗಿ ಮಾತಾಡಿಯೇ ಒಳಗೆ ಕರೆದುಕೊಳ್ಳುವುದು ನನ್ನ ಅಭ್ಯಾಸ. ನೀವು ಸ್ವಲ್ಪ ಹೊತ್ತು ಕ್ಯೂನಲ್ಲಿ ನಿಲ್ಲಬೇಕಾಗುತ್ತದೆ.

ಇಂತಿ,
ನಿಮ್ಮ ಆಮೆ