ದೂಜಣ್ಣನ ಕೂಗು

ಬಾಂದ್ರಾ,
ದೀಪಾವಳಿಯ ಮರುದಿನ

ಪ್ರೀತಿಯ ವಾರಿಜಕ್ಕ,

ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ ಎಂದು ತಿಳಿಯದೆ ಬರೆಯುತ್ತಿದ್ದೇನೆ.

ನೀವು ನಂಬಿ ಕೊಟ್ಟ ಬಲೀಂದ್ರನ ಹಾಡಿನ ಗ್ರಾಮಫೋನ್ ರೆಕಾರ್ಡನ್ನು ಕಂಪ್ಯೂಟರಿಗೆ ಇಳಿಸಿ, ಹಳೆಯ ಹಬ್ಬದ ಹಾಡುಗಳ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಎಷ್ಟು ಕ್ಲೀನಾಗಿದೆ ಎಂದು ಎಲ್ಲರೂ ಹೊಗಳಿದರು. ನಾನೂ ಉಬ್ಬಿಹೋದೆ. ಇವತ್ತು ಬೆಳಿಗ್ಗೆ ನಿಮ್ಮ ಮಗಳು ಯಕ್ಷಿತಾ ಫೋನ್ ಮಾಡಿದಳು.

"ಪಪ್ಪ ಹೋದ ಮೇಲೆ ಇದು ಫಸ್ಟ್ ದೀಪಾವಳಿ. ಅವರ ಕೂಗು ಬಂದಾಗ ತಾನೂ 'ಕೂ' ಅನ್ಬೇಕಂತ ಅಮ್ಮ ದೀಪ ಹಚ್ಚಿ, ಗ್ರೂಪಿನ ಹಾಡು ಹಾಕಿ ಕಾದು ಕೂತಿದ್ರು. ಪಪ್ಪನ ಆವಾಜೇ ಬರ್ಲಿಲ್ಲ, ಹಿತೇಶ್."

ಹಾಡಿನ ನಡುವೆ ಯಾರೋ ಕೂಗುವುದನ್ನು ಗದ್ದಲವೆಂದು ತಿಳಿದು ತೆಗೆದುಹಾಕಿದವನು ನಾನೇ. ಅದು ಆ ಹಾಡಿಗೆ ದನಿ ಕೊಟ್ಟಿದ್ದ ದೂಜಣ್ಣನೆಂದು ಗೊತ್ತಿರಲಿಲ್ಲ. ಊರಿನಲ್ಲಿ ದೀಪಾವಳಿಗೆ ಬಲೀಂದ್ರನನ್ನು ಹಾಗೆ ಕೂಗಿ ಕರೆಯುತ್ತಾರೆಂಬುದೂ ಗೊತ್ತಿರಲಿಲ್ಲ. ಮುಂಬಯಿಯಲ್ಲೇ ಹುಟ್ಟಿದವನು ಎನ್ನುವುದು ನೆಪವಾಗದು. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು.

ರೆಕಾರ್ಡಿಗೆ ಏನೂ ಆಗಿಲ್ಲ. ಇವತ್ತು ಮತ್ತೆ ಇಳಿಸಿದೆ, ಕರಕರ ಸದ್ದನ್ನೂ ಮುಟ್ಟಿಲ್ಲ. ಆಗ ಇನ್ನೊಂದು ತಪ್ಪೂ ಕಂಡಿತು. ದೂಜಣ್ಣನ ಪ್ರತಿ ಕೂಗಿನ ಬಳಿಕ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಖಾಲಿಯೆಂದು ಅದನ್ನೂ ಕತ್ತರಿಸಿದ್ದೆ. ಅದು ಮನೆಯವರು ಓಗೊಡಲೆಂದು ಬಿಟ್ಟ ಜಾಗ.

ಭಾನುವಾರ ರೆಕಾರ್ಡು, ಪ್ಲೇಯರ್ ಹೊತ್ತುಕೊಂಡು ಪಾರ್ಲೆಯ ನಿಮ್ಮ ಮನೆಗೆ ಬರಲೇ? ಹಬ್ಬ ಮುಗಿದಿರುತ್ತದೆ, ಆದರೂ ಒಂದು ದೀಪ ಹಚ್ಚಿಡಿ. ಆ ಜಾಗ ಬಂದಾಗ ನೀವು ಓಗೊಡಿ. ನಾನು ಸುಮ್ಮನಿರುತ್ತೇನೆ.

ನಿಮ್ಮೆದುರು ತಲೆ ತಗ್ಗಿಸಿ,
ಹಿತೇಶ್