ಕೂರದೆ ನಿಂತು ಮಾತಾಡಿದವನಿಗೆ

ವಿಲೋ ಫೋರ್ಕ್
ಮೇ 14, 1987

ಮಗಳ ಮಗ ಥರ್ಮನ್‌ಗೆ,

ರಾಜಧಾನಿಯಲ್ಲಿ ಹೊಟ್ಟೆ ತುಂಬ ಉಂಡು ಸುಖವಾಗಿದ್ದೀಯ ಅಂದುಕೊಂಡು ನಿನ್ನಜ್ಜಿ ಬರೆಯುವುದು. ಗಂಟಲು ಹೇಗಿದೆ? ಬಿಸಿನೀರಿಗೆ ಜೇನು ಹಾಕಿ ಕುಡಿ. ಅಷ್ಟು ದುಡಿದ ಗಂಟಲಿಗೆ ಏನಾದರೂ ಕೊಡಬೇಕಲ್ಲ.

ಅಧಿವೇಶನದ ಕೊನೇ ದಿನ ನೀನು ರಾಜ್ಯದ ಸೆನೆಟ್‌ನಲ್ಲಿ ಎದ್ದು ನಿಂತೆ ಅಂತ ರೇಡಿಯೋದಲ್ಲಿ ಬಂದಾಗ ಚರ್ಚಿನ ಹೆಂಗಸರೆಲ್ಲ ನಮ್ಮ ಅಡಿಗೆಮನೆಗೆ ಬಂದು ಕೂತರು. ನಮ್ಮೂರ ಆಸ್ಪತ್ರೆ ಮುಚ್ಚದಂತೆ ತಡೆಯುವ ಮಸೂದೆ ಅವತ್ತು ಮತಕ್ಕೆ ಬರುವುದಿತ್ತು. ನಿನ್ನಮ್ಮ ಓಲೀನ್ ದಿನ ಬಿಟ್ಟು ದಿನ ರಕ್ತ ತೊಳೆಸಿಕೊಳ್ಳುವ ಯಂತ್ರ ಇರುವುದು ಆ ಆಸ್ಪತ್ರೆಯಲ್ಲೇ. ಕೂರುವ ಹಾಗಿಲ್ಲ, ಮೇಜಿಗೆ ಒರಗುವ ಹಾಗಿಲ್ಲ, ಬಾಯಿ ನಿಂತರೆ ಸರದಿ ಹೋಯಿತು ಅಂತ ರೇಡಿಯೋದವನು ಹೇಳಿದಾಗಲೆಲ್ಲ ಅವಳು ಕಣ್ಣೊರೆಸಿಕೊಂಡಳು. "ನೋಡ್ರೇ, ನನ್ ಮಗ ನಮಗೋಸ್ಕರ ನಿಂತವ್ನೆ" ಅಂದಳು. ನಾನೂ ನಂಬಿದೆ. ನಮ್ಮಲ್ಲಿ ಅಷ್ಟು ಹೊತ್ತು ನಿಲ್ಲುವುದು ಪ್ರಾರ್ಥನೆಗೆ, ಇಲ್ಲವೇ ಹೆಣದ ಮುಂದೆ.

ನೀನು ನನ್ನ ಜೋಳದ ರೊಟ್ಟಿಯ ಬಗ್ಗೆ ಮಾತಾಡಿದೆ. ನಿನ್ನಮ್ಮ ಊರವರ ಬಟ್ಟೆ ಒಗೆದದ್ದನ್ನು ಹೇಳಿದೆ. ಅಜ್ಜಿ ಸಹಿಯ ಜಾಗದಲ್ಲಿ ಗೀಟು ಹಾಕುತ್ತಿದ್ದಳು ಅಂದೆ, ಸಭೆಯೆಲ್ಲ ನಕ್ಕಿತು. ಗೀಟು ಹಾಕುತ್ತಿದ್ದವನು ನಿನ್ನ ತಾತ ಕಣೋ. ನಾನು ಮೂರನೇ ಕ್ಲಾಸು ಓದಿದವಳು. ನಗು ಬರಲಿ ಅಂತ ಸತ್ತವನದ್ದನ್ನು ತಂದು ನನ್ನ ತಲೆಗೆ ಕಟ್ಟಿದೆ.

ಮಾರನೇ ದಿನ ಅಂಚೆಯ ರಾಯ್ಸ್ ಬಂದು ಟೋಪಿ ತೆಗೆದು ನಿಂತ. "ಹೆಟ್ಟಿ ಅತ್ತೆ, ಅವ್ನು ಮಸೂದೆ ಉಳಿಸೋಕೆ ಮಾತಾಡ್ಲಿಲ್ಲ. ಮತ ಹಾಕೋಕೇ ಬಿಡಬಾರ್ದು ಅಂತ ಹೊತ್ತು ತಿಂದ. ಅದನ್ನ ಫಿಲಿಬಸ್ಟರ್ ಅಂತಾರೆ."

ಮತ ಸಾಕಷ್ಟಿತ್ತಂತೆ. ಗವರ್ನರ್ ಕೂಡ ವೀಟೊ ಹಾಕಲ್ಲ, ಸಹಿ ಮಾಡ್ತೀನಿ ಅಂದಿದ್ದನಂತೆ. ಆದರೆ ನಿನ್ನ ಬಾಯಿ ಮುಚ್ಚಿಸಲು ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಹೊತ್ತು ಮೀರಿ ಸಭಾಪತಿಯ ಸುತ್ತಿಗೆ ಬಿತ್ತು, ಅಧಿವೇಶನ ಮುಗಿಯಿತು, ಮಸೂದೆ ಸತ್ತಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಿನ್ನದು ಆಸ್ಪತ್ರೆಯನ್ನೇ ನುಂಗಿತು. ನಿನ್ನ ಚುನಾವಣೆಗೆ ಊಟ ಹಾಕಿಸಿದ ಪಟ್ಟಣದ ದೊಡ್ಡಾಸ್ಪತ್ರೆಯವರಿಗೆ ಈಗ ರೋಗಿಗಳಿಗೆ ಬರವಿಲ್ಲ. ಅಲ್ಲಿಯತನಕದ ಬಸ್ಸಿನ ದಾರಿಯನ್ನು ಓಲೀನ್ ದೇಹ ಬೇಸಿಗೆ ಕಳೆಯುವವರೆಗೂ ತಡೆಯೋದಿಲ್ಲ ಅಂದಿದ್ದಾರೆ ಡಾಕ್ಟರು.

ಅವಳಿಗೆ ನಾನಿನ್ನೂ ಹೇಳಿಲ್ಲ. ಪೇಪರಿನಿಂದ ನಿನ್ನ ಫೋಟೋ ಕತ್ತರಿಸಿ ಕಪಾಟಿನ ಮೇಲಿಟ್ಟಿದ್ದಾಳೆ. ನನ್ನ ನಾಲಗೆ ಕುಡುಗೋಲು, ನಿನಗೇ ಗೊತ್ತು. ಅದೂ ಅವಳ ಮುಂದೆ ಮೊಂಡಾಗುತ್ತೆ. ಭಾನುವಾರ ಬಾ. ಇಲ್ಲಿ ಕೂತು ಮಾತಾಡಬಹುದು. ಅವಳ ಮುಖ ನೋಡಿ ನೀನೇ ಹೇಳು. ಬರದಿದ್ದರೆ ಸೋಮವಾರ ನಾನು ಹೇಳುತ್ತೇನೆ, ಬೆಣ್ಣೆ ಹಚ್ಚದೆ.

ಇನ್ನೊಂದು. ಅವಧಿಗೆ ಮುಂಚೆ ನಿನ್ನನ್ನು ಕುರ್ಚಿಯಿಂದ ಇಳಿಸಲು ಮತ ಹಾಕಿಸಿ ಅಂತ ಕೇಳುವ ಅರ್ಜಿ ಹಿಡಿದು ರಾಯ್ಸ್ ಮನೆಮನೆ ತಿರುಗುತ್ತಿದ್ದಾನೆ. ಮೊದಲ ಹೆಸರು ನನ್ನದು. ಗೀಟಲ್ಲ, ಪೂರಾ ಅಕ್ಷರ.

ನಿನ್ನನ್ನು ತೊಡೆಯ ಮೇಲೆ ಕೂರಿಸಿ ಮಾತು ಕಲಿಸಿದ,
ಹೆಟ್ಟಿ ಸ್ಟೂಕ್ಸ್

ಲಕೋಟೆ ಅಂಟಿಸುವ ಮುಂಚೆ: ಓಲೀನ್ ಈಗ ಅಡಿಗೆಮನೆಗೆ ಬಂದಳು. ಮೇಜಿನ ಮೇಲಿದ್ದ ಅರ್ಜಿಗೆ ನಾನು ಕೈ ಅಡ್ಡ ಇಟ್ಟೆ. ಅವಳು ನನ್ನ ಕೈ ಸರಿಸಿದಳು. "ರೇಡಿಯೋ ಆರಿಸೋ ಹೊತ್ತಿಗೇ ನಂಗೆ ಗೊತ್ತಾಗಿತ್ತಮ್ಮ. ಒಳ್ಳೇ ಕೆಲ್ಸಕ್ಕೆ ಅವ್ನು ಯಾವತ್ತೂ ಎರಡು ಮಾತಿಗಿಂತ ಜಾಸ್ತಿ ಆಡಿದೋನಲ್ಲ. ಆ ಹೆಂಗಸರ ಮುಂದೆ ಮಾನ ಹೋಗ್ಬಾರ್ದು ಅಂತ ಫೋಟೋ ಇಟ್ಕೊಂಡು ಸುಮ್ನಿದ್ದೆ" ಅಂದು ನನ್ನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಅವಳದೂ ಪೂರಾ ಅಕ್ಷರ. ಭಾನುವಾರ ಬರಬೇಡ.