ಹೊಳೆಯ ಉದ್ದ

ಹೊಸಪೇಟೆ,
ನವೆಂಬರ್ 9, ಭಾನುವಾರ

ಮುನಿಸಿಕೊಂಡು ಕಂಪ್ಲಿಯ ತವರಿಗೆ ಹೋಗಿ ಕುಳಿತ ನನ್ನ ಪಂಪಾವತಿಗೆ,

ಇಲ್ಲ, ನಾನು ಓಡಿಹೋಗುತ್ತಿಲ್ಲ. ಓಡಿಹೋಗುವವನು ಹರಿಗೋಲು ಹತ್ತುತ್ತಾನೇನು? ರೈಲು ಹತ್ತುತ್ತಾನೆ. ಹೊಸಪೇಟೆಯಲ್ಲಿ ರೈಲಿಗೆ ಬರವಿಲ್ಲ. "ಹೊಳಿ ನೆಪ ಮಾಡಿ ನನ್ನ ಬಿಡಾಕ ಹೊಂಟೀರಿ" ಎಂದು ನೀನು ಫೋನ್ ಇಟ್ಟೆ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು.

ತೋರಣಗಲ್ಲಿನ ಕೆಲಸವನ್ನೂ ಬಿಟ್ಟಿಲ್ಲ, ರಜೆ ಹಾಕಿದ್ದೇನೆ. ಸೂಪರ್‌ವೈಸರ್ ಯಾಕೆ ಎಂದ. ಹಂಪಿಯಿಂದ ಹೊಳೆಯಲ್ಲೇ ಹೊರಟು, ನಮ್ಮ ತುಂಗಭದ್ರೆ ಕರ್ನೂಲ್ ಆಚೆ ಕೃಷ್ಣೆಗೆ ಸೇರುವ ಜಾಗದ ತನಕ ಹೋಗಿ ನೋಡಬೇಕು ಎಂದೆ. "ನೋಡಿ ಏನ್ ಮಾಡ್ತೀಯಲೇ?" ಎಂದ. ಅದು ನನಗೂ ಗೊತ್ತಿಲ್ಲ. ಆದರೆ ನೀನೇ ಯೋಚಿಸು. ನಮ್ಮಪ್ಪ ಜೀವಮಾನವೆಲ್ಲ ಹಂಪಿ ದಡದಿಂದ ಆನೆಗೊಂದಿ ದಡಕ್ಕೆ ಜನರನ್ನು ದಾಟಿಸಿದ. ನಿಮ್ಮಪ್ಪ ಕಂಪ್ಲಿಯಲ್ಲಿ ಅದನ್ನೇ ಮಾಡಿದರು. ನಾನೂ ಟೂರಿಸ್ಟರನ್ನು ಕೂರಿಸಿಕೊಂಡು ಗಿರಗಿರ ತಿರುಗಿಸಿದವನೇ. ಎಲ್ಲರೂ ಹೊಳೆಯನ್ನು ಅಡ್ಡ ದಾಟಿದವರು, ಉದ್ದಕ್ಕೆ ಹೋದವರು ಒಬ್ಬರೂ ಇಲ್ಲ. ರಾಯರ ಕಾಲದಲ್ಲಿ ಇದೇ ನೀರಿನ ಮೇಲೆ ಸರಕು ಸಾಗುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದ. ಎಲ್ಲಿಯ ತನಕ ಎಂದರೆ ಅವನಿಗೂ ಗೊತ್ತಿರಲಿಲ್ಲ.

ನೀನು ಫೋನ್ ಇಟ್ಟ ಮರುದಿನ ಗೆಳೆಯ ಯಲ್ಲೇಶನನ್ನು ಕರೆದುಕೊಂಡು, ಹೇಗಿರುತ್ತದೋ ನೋಡೋಣ ಎಂದು ಬುಕ್ಕಸಾಗರದ ಕಡೆ ಸ್ವಲ್ಪ ದೂರ ಹೋಗಿದ್ದೆ. ಒಂದು ವಿಚಿತ್ರ ಆಯಿತು. ನೀರು ಹೋದ ಕಡೆ ಹೋಗಬೇಕೆಂದು ಹುಟ್ಟು ಹಾಕುತ್ತೇನೆ, ಕೊಂಚ ಮೈಮರೆತರೆ ಸಾಕು, ಕೈ ತಾನಾಗಿ ಎದುರು ದಡಕ್ಕೆ ಎಳೆಯುತ್ತದೆ. ಮತ್ತೆ ಮತ್ತೆ ಯಾರದೋ ಬಾಳೆತೋಟಕ್ಕೆ ಹೋಗಿ ಮುಟ್ಟುತ್ತಿದ್ದೆವು. "ಲೇ ಮಾರ್ಯಾ, ನಾವು ಹೊಂಟಿದ್ದು ಕರ್ನೂಲ್ ಕಡಿಗೋ, ಬಾಳಿಹಣ್ಣಿಗೋ?" ಎಂದು ಯಲ್ಲೇಶ ಬಿದ್ದು ಬಿದ್ದು ನಕ್ಕ.

ಒಂದು ಕಡೆ ಬಟ್ಟೆ ಒಗೆಯುತ್ತಿದ್ದ ಮುದುಕಿ ತಲೆ ಎತ್ತಿ, "ಯಾರ್ನ ಬಿಡಾಕ ಬಂದೀಯಪ್ಪಾ?" ಎಂದಳು. ಅಂಬಿಗನನ್ನು ಯಾರಾದರೂ ಕೇಳುವ ಮಾತು. ಆದರೆ ನನಗೆ ಅದು ನಿನ್ನ ದನಿಯಲ್ಲೇ ಕೇಳಿಸಿತು. "ಯಾರ್ನೂ ಬಿಡಾಕ ಬಂದಿಲ್ಲಬೇ" ಎಂದೆ. ಮುದುಕಿ, "ಹಂಗಾರ ಕರಕಂಡು ಹೋಗಾಕ ಬಂದೀಯೇನು?" ಎಂದು ಬಟ್ಟೆ ಹಿಂಡತೊಡಗಿದಳು.

ಯಲ್ಲೇಶ ನಗುತ್ತಲೇ ಇದ್ದ. ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿದೆ. ನಾನು ಹೋಗುತ್ತೇನೆ ಎಂದಿದ್ದೆ, ನೀನು ಬೇಡ ಎಂದಿದ್ದೆ. ನೀನೂ ಬರುತ್ತೀಯಾ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ, ಪಂಪಾ. ಬರುತ್ತೀಯಾ?

ಇವತ್ತು ರಾತ್ರಿ ಹಂಪಿಯಲ್ಲಿ ಉಳಿದು, ನಾಳೆ ಬೆಳಿಗ್ಗೆ ಅಲ್ಲಿಂದ ಹೊರಟು, ಮಂಗಳವಾರ ಕಂಪ್ಲಿ ಕೋಟೆ ದಡಕ್ಕೆ ಬರುತ್ತೇನೆ. ಮನೆ ತನಕ ಬರುವುದಿಲ್ಲ. ಹೊಳೆಯ ಸುಳಿಗೆ ಹೆದರದಿದ್ದರೂ ಗಾಳೆಮ್ಮ ಅತ್ತೆಯ ಬಾಯಿಗೆ ಹೆದರುತ್ತೇನೆ. ನೀನು ಹತ್ತಿದರೆ ಮುಂದೆ ಹೋಗೋಣ. ಬರುವುದಿಲ್ಲ ಎಂದರೆ ಹರಿಗೋಲನ್ನು ಅಲ್ಲೇ ಕವುಚಿ ಹಾಕಿ ನಿನ್ನ ಜೊತೆ ಬಸ್ಸಿಗೆ ವಾಪಸ್ ಬರುತ್ತೇನೆ. ಬೇಜಾರಾಗುತ್ತದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ಬರುತ್ತೇನೆ.

ನಿನ್ನ ಒಂದು ಮಾತಿಗೆ ಕಾದಿರುವ,
ಮಾರೇಶ

ತಾ.ಕ.: ಇದನ್ನು ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿದ್ದಾರೆ. ಆದರೂ ಹೇಳುತ್ತೇನೆ. ನಿಮ್ಮಪ್ಪ ಸಂಡೂರಿಗೆ ಮದುವೆಗೆ ಹೋಗಿಲ್ಲ. ಒಂದು ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ನಿನ್ನೆ ಬಸ್ಸಿಳಿದು ನೇರ ನನ್ನ ರೂಮಿಗೇ ಬಂದರು. "ಹುಟ್ಟಿದಾಗಿಂದ ಈ ನೀರಾಗ ಅದೀನಿ ಅಳಿಯಪ್ಪಾ, ಎಲ್ಲಿಗೆ ಹೋಗ್ತೈತೋ ನಾನೂ ನೋಡಬೇಕು" ಎಂದರು. ಕಂಪ್ಲಿ ಬಂದಾಗ ಅತ್ತೆಯ ಕಣ್ಣಿಗೆ ಬೀಳದಂತೆ ಗೋಣಿಚೀಲ ಹೊದ್ದು ಮಲಗುತ್ತಾರಂತೆ. ಚೀಲ ಕೆಮ್ಮಿದರೆ ನಗಬೇಡ. ಖಾನಾವಳಿಯಿಂದ ಮೂರು ಜನಕ್ಕಾಗುವಷ್ಟು ಜೋಳದ ರೊಟ್ಟಿ ಕಟ್ಟಿಸಿ ತಂದಿದ್ದಾರೆ. ಮೂರನೆಯವರು ಯಾರು ಮಾವ ಎಂದು ಕೇಳಿದೆ. "ಅಕಿ ಬರ್ತಾಳ ಬಿಡು, ನನ್ನ ಮಗಳಲ್ಲೇನು?" ಎಂದರು.

ಈಗ ಹೊರಗೆ ನಿಂತು ಜಲ್ದಿ ಬಾ ಎಂದು ಕೂಗುತ್ತಿದ್ದಾರೆ. ಪಕ್ಕದ ಮನೆಯ ಜಂಬಕ್ಕ ಕಂಪ್ಲಿ ಬಸ್ಸಿಗೆ ಹೊರಟಿದ್ದಾಳೆ, ಕಾಗದ ಅವಳ ಕೈಯಲ್ಲಿ ಬರುತ್ತದೆ. ಬಾಗಿಲು ಹಾಕಿಕೊಂಡು ಹೊರಟೆ.